ತಿರುವುಮುರುವು ಡಬ್ಬಿ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಾನೂ ಅಪ್ಪನೂ ಇದ್ದೇವೆ. ಇದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ. ಅಂಚೆಗೆ ಹಾಕಿದರೆ ನಿನಗಿಂತ ಮೊದಲು ಒಡೆದು ಓದುವ ದೊರೆಗಳಿದ್ದಾರೆ. ಅದಕ್ಕೇ ಈ ಕಾಗದ ನಿನ್ನೂರಿಗೆ ಹೊರಟ ಲೇತ್ ಕೆಲಸದವನ ಕೈಯಲ್ಲಿ ಬರುತ್ತಿದೆ.

ಅಪ್ಪ ಇನ್ನೂ ರೇಡಿಯೊ ಕೇಳುತ್ತಾನಾ ಎಂದು ಕೇಳಿದ್ದೀಯ. ದಿನಾ ಸಂಜೆ ಆರಕ್ಕೆ ಕೂರುತ್ತಾನೆ. ಗಡಿಯಾಚೆಯ ಆ ಬಡ ಶಾರ್ಟ್‌ವೇವ್ ಸ್ಟೇಷನ್ನು ಜೈಲಿನಲ್ಲಿರುವವರ ಹೆಸರು ಓದುವ ಹೊತ್ತು ಅದು. ಮುಷ್ಕರದ ದಿನ ಗಿರಣಿಯ ಗೇಟಿನಿಂದ ಪೊಲೀಸರು ತಮ್ಮನನ್ನು ಎಳೆದೊಯ್ದ ಮೇಲೆ, ಅವನು ಬದುಕಿದ್ದಾನೆ ಎನ್ನಲು ನಮಗಿದ್ದ ಪುರಾವೆ ಅದೊಂದೇ. ಈಗ ಎರಡು ತಿಂಗಳಿಂದ ಬರೀ ಗೊರಗೊರ. ಸರ್ಕಾರದ ಸ್ಟೇಷನ್ನಿಗೇನು, ಆಂಟೆನಾ ಇಲ್ಲದಿದ್ದರೂ ಬೊಬ್ಬೆ ಹೊಡೆಯುತ್ತದೆ.

ತಪ್ಪು ನನ್ನದು. ಆಂಟೆನಾ ತಂತಿಗೂ ರೇಡಿಯೊಗೂ ನಡುವೆ ಕೂರುವ ಹಳೇ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಿಡಿಲಿಗೆ ಸುಟ್ಟಿತ್ತು. ಮೋಟರಿಗೆ ತಂತಿ ಸುತ್ತಿ ಸುತ್ತಿ ಕಣ್ಣು ಮಂಜಾದ ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟ, ಬಳೆಯಾಕಾರದ ಫೆರೈಟ್ ತುಂಡಿಗೆ ನಾನು ತಂತಿ ಸುತ್ತಿದೆ. ಮೂರೆಳೆ, ಒಂಬತ್ತು ಸುತ್ತು. ಛಾವಣಿಯ ಉದ್ದ ತಂತಿ ಹೆಚ್ಚು ಸುತ್ತಿನ ಕಡೆಗೆ, ರೇಡಿಯೊ ಕಡಿಮೆ ಸುತ್ತಿನ ಕಡೆಗೆ ಬರಬೇಕು. ನಾನು ತಿರುವುಮುರುವು ಕೂಡಿಸಿ, ಡಬ್ಬಿಗೆ ಮೇಣ ಸುರಿದು ಮುಚ್ಚಿಬಿಟ್ಟೆ. ಬಡ ದನಿಗಳೆಲ್ಲ ಅಲ್ಲೇ ಸಾಯುತ್ತವೆ.

ಅಪ್ಪ ಆಂಟೆನಾವನ್ನು ಬೈಯುತ್ತಾನೆ. ತಂತಿಯನ್ನು ನೀರಿನ ಟ್ಯಾಂಕಿನವರೆಗೆ ಎಳೆಸಿದ. ಹತ್ತು ಕುದುರೆಶಕ್ತಿಯ ಮೋಟರ್ ಬಗ್ಗಿಸಿದವನಿಗೆ ಇದೊಂದು ಬಳೆ ಬಗ್ಗುತ್ತಿಲ್ಲವಲ್ಲ ಎಂದು ತನ್ನನ್ನೇ ಹಂಗಿಸಿಕೊಂಡ. ಡಬ್ಬಿಯೇ ಬೇಡ, ಎರಡು ಕೈ ಚಾಚಿದ ಡೈಪೋಲ್ ಆಂಟೆನಾ ಕಟ್ಟೋಣ ಅಂದ; ಜಾಗ ಸಾಲದು ಅಂದೆ. ಮರದ ಚೌಕಟ್ಟಿಗೆ ತಂತಿ ಸುತ್ತಿ ಲೂಪ್ ಆಂಟೆನಾ ಮಾಡೋಣ ಅಂದ. ತಂತಿ ಮುಗಿದಿದೆ ಅಂದೆ. ಮಂಚದ ಕೆಳಗೆ ಎರಡು ಸುರುಳಿ ಇವೆ.

ನಿನ್ನೆ ಗೊರಗೊರಕ್ಕೆ ಕಿವಿಯಿಟ್ಟು ಕೂತವನು, "ಸರ್ಕಾರದವರು ಸ್ಟೇಷನ್ನಿನ ಬಾಯಿ ಕಟ್ಟಿದ್ದಾರೆ ಕಣೇ. ನಮ್ಮ ಹುಡುಗ ಗಟ್ಟಿ" ಅಂದ. ನಾನು ಲೋಟ ತೊಳೆದಿಟ್ಟೆ.

ರೇಡಿಯೊ ರಿಪೇರಿಯವನನ್ನು ಕಳಿಸುತ್ತೇನೆ ಎಂದು ಬರೆದಿದ್ದೀಯ. ಕಳಿಸಬೇಡ.

ನಿನ್ನ
ತಂಗಿ

ತಾ.ಕ.: ಜೋಡಣೆ ತಪ್ಪಿದ್ದು ಮೊದಲ ವಾರವೇ ಗೊತ್ತಾಯಿತು. ಪಕ್ಕದ ಮನೆಯವರು ಅಪ್ಪನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಿದ್ದ ಸಂಜೆ ಮೇಣ ಕೆತ್ತಿ, ತಂತಿ ಅದಲುಬದಲು ಮಾಡಿದೆ. ಸ್ಟೇಷನ್ನು ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗೆ ಬಂತು. ಜೈಲಿನಲ್ಲಿರುವವರ ಪಟ್ಟಿಯಲ್ಲಿ ತಮ್ಮ ಇರಲಿಲ್ಲ. ಆಮೇಲೆ ಇನ್ನೊಂದು ಪಟ್ಟಿ ಓದಿದರು. ಲಾಕಪ್ಪಿನಲ್ಲಿ ಸತ್ತವರು ಎಂದರು. ಪೊಲೀಸರು ಕೊಂದದ್ದು ಎನ್ನಬೇಕಿತ್ತು. ಮೂರನೆಯ ಹೆಸರು ನಮ್ಮವನದು. ಅಪ್ಪ ಬರುವಷ್ಟರಲ್ಲಿ ಮತ್ತೆ ತಿರುವುಮುರುವು ಕೂಡಿಸಿ, ಮೇಣ ಸುರಿದೆ. ಬೆಸುಗೆ ಚೆನ್ನಾಗಿ ಕೂತಿದೆ.