ನನ್ನ ಮೊಮ್ಮಗಳು ನನ್ನನ್ನೇ ಜೀತಕ್ಕಿಟ್ಟುಕೊಂಡಿದ್ದಾಳೆ

ಮಕ್ಕಳಿಗೆ ಆಟದ ಮೂಲಕ ಚರಿತ್ರೆ ಕಲಿಸುವ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ಶಾಲೆಗಳಿಗೆ ಕೊಟ್ಟಿರುವ ‘ನಮ್ಮೂರ ಸಂಸಾರ’ ಎಂಬ ಮೊಬೈಲು ಆಟದಲ್ಲಿ ಚಿನ್ನಿ ಎಂಬ ಒಂಬತ್ತು ವರ್ಷದ ಜೀತದ ಹುಡುಗಿ ಇದ್ದಾಳೆ. ಆ ಹುಡುಗಿ ನಾನು. ಏಳನೇ ಕ್ಲಾಸು ಓದುವ ನನ್ನ ಮೊಮ್ಮಗಳು ಧನುಶ್ರೀ ಎರಡು ತಿಂಗಳಿಂದ ನನ್ನನ್ನು ಆಳಾಗಿ ಇಟ್ಟುಕೊಂಡು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಅದು ತನ್ನ ಅಜ್ಜಿ ಎಂದು ಅವಳಿಗೆ ಗೊತ್ತಿಲ್ಲ. ಹೇಳುವುದಕ್ಕೂ ಹೆದರಿಕೆ, ಹೇಳದೆ ಇರುವುದಕ್ಕೂ ಹೆದರಿಕೆ. ಈ ಹೆದರಿಕೆಯನ್ನು ನನ್ನ ಮನೆಗೆ ತಂದು ಹಾಕಿದವರು ನೀವಾದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅಕ್ಷರ ಪೂರ್ತಿ ಕೂಡಿ ಬಂದದ್ದು ಸಾಕ್ಷರತೆಯವರು ಕಲಿಸಿದ ಮೇಲೆ. ಆಮೇಲೆ ಇಪ್ಪತ್ತೆರಡು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ಮಾತಿನಲ್ಲಿ ನಯ ಕಡಿಮೆ. ನಿಮ್ಮ ಕಡೆಯವರ ಕಾಗದದಲ್ಲಿ ಇದ್ದಷ್ಟು ನಯ ಇಲ್ಲಿ ಸಿಗುವುದಿಲ್ಲ, ತಡೆದುಕೊಳ್ಳಿ.

ಹೋದ ವರ್ಷ ನಿಮ್ಮ ಆಫೀಸಿನ ಹುಡುಗಿ ಅಕ್ಷತ ಸೂಲಿಬೆಲೆಯಿಂದ ಆಟೋ ಮಾಡಿಕೊಂಡು ನಮ್ಮೂರಿಗೆ ಬಂದಳು. ಹಳೇ ಕಾಲದ ಬದುಕು ಮಕ್ಕಳಿಗೆ ತಿಳಿಯಬೇಕು, ಹೇಳಿ ಅಮ್ಮ, ಎಂದಳು. ಒಳ್ಳೆಯ ಹುಡುಗಿ, ಚಾಪೆಯ ಮೇಲೆ ಕೂತಳು, ಕೊಟ್ಟ ನೀರು ಕುಡಿದಳು. ನಾನು ಯಾರಿಗೂ ಹೇಳದ್ದನ್ನು ಎರಡು ಗಂಟೆ ಹೊತ್ತು ಅವಳ ಮೆಷೀನಿಗೆ ಹೇಳಿದೆ. ಅಣ್ಣನ ಮದುವೆಗೆ ಕೈಸಾಲ ತಂದದ್ದಕ್ಕೆ ನನ್ನ ಅಪ್ಪ ನನ್ನನ್ನು ಅಪ್ಪಯ್ಯಣ್ಣನವರ ದೊಡ್ಡಮನೆಗೆ ಬಿಟ್ಟದ್ದು. ಸಗಣಿ ಬಾಚಿದ್ದು. ಮೇವು ಕತ್ತರಿಸುವಾಗ ಕುಡುಗೋಲು ಬಿದ್ದು ಎಡಗೈ ಹೆಬ್ಬೆರಳು ಅರ್ಧ ಹೋದದ್ದು. ನಾನೇ ಹೆಸರಿಟ್ಟ ಕೆಂದಿ ಎಂಬ ಕರು. ಊಟ ಕೊಟ್ಟಿಗೆಯಲ್ಲಿ, ಮುತ್ತುಗದ ಎಲೆಯ ಮೇಲೆ. ನೀರು ಬೇಕಾದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ಸುರಿಯುತ್ತಿದ್ದರು.

ಈಗ ನಿಮ್ಮ ಆಟ ನೋಡಿದೆ. ಕೆಂದಿ ಇದೆ, ಹಣೆಯ ಮೇಲಿನ ಬಿಳಿ ಚುಕ್ಕೆಯ ಸಮೇತ. ಚಿನ್ನಿಯ ಎಡಗೈ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿದೆ, ಮುದ್ದಾಗಿದೆ. ಆದರೆ ಚಿನ್ನಿ ಅಡುಗೆಮನೆಯಲ್ಲಿ ಎಲ್ಲರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಾಳೆ! ಬಾವಿಯಿಂದ ತಾನೇ ನೀರು ಸೇದುತ್ತಾಳೆ! ಸ್ವಾಮಿ, ಆ ಅಡುಗೆಮನೆ ಹೇಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹತ್ತು ವರ್ಷ ಆ ಮನೆಯಲ್ಲಿ ದುಡಿದವಳಿಗೆ ಒಲೆ ಯಾವ ಮೂಲೆಯಲ್ಲಿತ್ತೆಂದು ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯಿತು?

ತಲೆಯ ಮೇಲೊಂದು ಪಟ್ಟಿ ಬೇರೆ. ಮುದ್ದೆ ಕೊಟ್ಟರೆ ಹಸಿರು, ಮರೆತರೆ ಹಳದಿ. ಹಸಿರೆಂದರೆ ಜೀತದವಳು ಸುಖವಾಗಿದ್ದಾಳೆ ಎಂದು ಅರ್ಥವಂತೆ.

‘‘ಅಜ್ಜಿ, ನೋಡಿಲ್ಲಿ! ನಮ್ ಚಿನ್ನಿ ಫುಲ್ ಹಸ್ರು! ನಮ್ ಕ್ಲಾಸ್ ರಂಜಿತನ್ ಆಳು ಹಳದಿಗ್ ಬಂದೈತೆ. ಅವ್ಳು ಸರ್ಯಾಗ್ ಊಟನೇ ಹಾಕಲ್ಲ’’ ಎಂದಳು ಧನುಶ್ರೀ.

‘‘ಆ ಮಗೀಗೆ ಮನೇಗ್ ಹೋಗ್ಬೇಕು ಅನ್ಸಲ್ವೇನೇ?’’

‘‘ಹಬ್ಬಕ್ ಕಳಿಸ್ತೀನಲ್ಲಜ್ಜಿ. ಬೆಳಿಗ್ಗೆ ಅವ್ಳೇ ವಾಪಸ್ ಬರ್ತಾಳೆ. ಹೆಂಗ್ ನಗ್ತಾ ಬರ್ತಾಳೆ ನೋಡು. ನಾನ್ ಒಳ್ಳೇ ಓನರ್ ಅಲ್ವಾ?’’

ನನ್ನ ಮಗು ಕೆಟ್ಟವಳಲ್ಲ. ಇರುವೆ ಸಾಲನ್ನೂ ತುಳಿಯದೆ ದಾಟಿಕೊಂಡು ಹೋಗುವವಳು. ಅದಕ್ಕೇ ನನಗೆ ಹೆದರಿಕೆ. ಆಳನ್ನು ಇಟ್ಟುಕೊಳ್ಳುವುದು ತಪ್ಪಲ್ಲ, ಹೊಟ್ಟೆಗೆ ಹಾಕದಿರುವುದು ಮಾತ್ರ ತಪ್ಪು ಎಂದು ಇಂಥ ಮಗುವಿಗೇ ಕಲಿಸಿದಿರಲ್ಲ, ಯಾವ ಪಾಠದಿಂದ ಅದನ್ನು ಅಳಿಸುತ್ತೀರಿ?

ಹಬ್ಬಕ್ಕೆ ಹೋಗಿ ನಗುತ್ತಾ ಬಂದ ಕಥೆಯನ್ನೂ ನಾನು ಅಕ್ಷತಳಿಗೆ ಹೇಳಿದ್ದೆ. ಯುಗಾದಿಯ ದಿನ ನಾನು ಓಡಿಹೋದೆ. ಯಾರೂ ಕಳಿಸಿರಲಿಲ್ಲ. ಅವ್ವ ಕರೆದು ಎಣ್ಣೆ ಹಚ್ಚುತ್ತಿದ್ದಳು. ಅರ್ಧ ತಲೆಗೆ ಹಚ್ಚಿಯಾಗಿತ್ತು, ಅಷ್ಟರಲ್ಲಿ ಅಪ್ಪ ಬಂದ. ಒಂದು ಮಾತೂ ಆಡದೆ ರಟ್ಟೆ ಹಿಡಿದು ವಾಪಸು ನಡೆಸಿಕೊಂಡು ಹೋದ. ದೊಡ್ಡಮನೆಯ ಜಗುಲಿಯ ಕೆಳಗೆ ನಿಂತು, ಟವೆಲು ಕಂಕುಳಿಗೆ ಸಿಕ್ಕಿಸಿಕೊಂಡು, ‘‘ತಪ್ಪಾಯ್ತು ಬುದ್ಧಿ, ಮಗೀಗೆ ತಿಳೀದು’’ ಎಂದ. ಅವನ ಕೈ ನಡುಗುತ್ತಿತ್ತು. ಹಿಡಿದದ್ದು ನನ್ನ ರಟ್ಟೆಯನ್ನಲ್ಲವೇ, ನನಗೆ ತಿಳಿಯಿತು. ಯಾರೂ ಹೊಡೆಯಲಿಲ್ಲ. ಹೊಡೆಯುವ ಅಗತ್ಯವೇ ಇರಲಿಲ್ಲ. ಆವತ್ತಿನಿಂದ ನಾನು ಓಡಲಿಲ್ಲ, ಅಷ್ಟೆ. ಜೀತ ಎಂದರೆ ಇದು. ಸರ್ಕಾರದ ಕಾನೂನು ಬಂದು ನಾನು ಬಿಡುಗಡೆಯಾಗುವ ಹೊತ್ತಿಗೆ ನನಗೆ ಹತ್ತೊಂಬತ್ತು.

ಅಕ್ಷತಳಿಗೆ ಫೋನು ಮಾಡಿ ಕೇಳಿದೆ. ‘‘ಅಮ್ಮ, ಅದೆಲ್ಲ ಮಕ್ಕಳಿಗೆ ತುಂಬಾ ಹೆವಿ ಆಗುತ್ತೆ ಅಂತ ಮೇಲಿನವ್ರು ತೆಗೆಸಿದ್ರು. ನಾನು ತೆಗೀಬೇಡಿ ಅಂದೆ. ಮಕ್ಳು ಹೆದರ್ಕೋತಾರೆ ಅಂದ್ರು’’ ಎಂದಳು.

‘‘ಒಂಬತ್ತು ವರ್ಷದೋಳ್ ನಾನು ಅದ್ನ ಹೊತ್ನಲ್ಲ ತಾಯಿ, ಹನ್ನೆರಡು ವರ್ಷದೋರು ಕೇಳೋಕ್ ಆಗಲ್ವಾ?’’ ಎಂದೆ.

ಮೇಲಿನವರೇ, ಮಕ್ಕಳನ್ನು ನಾನೂ ಬಲ್ಲೆ. ರಕ್ತ ತೋರಿಸಿ, ಚಾಟಿ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಅಂಗನವಾಡಿಯಲ್ಲಿ ತೋಳದ ಕಥೆ ಹೇಳಿದರೆ ಮಕ್ಕಳು ಹೆದರಿ ನನ್ನ ಸೆರಗು ಹಿಡಿಯುತ್ತಿದ್ದವು, ಮಾರನೇ ದಿನ ಅದೇ ಕಥೆ ಹೇಳೆಂದು ಪೀಡಿಸುತ್ತಿದ್ದವು. ತೋಳಕ್ಕೆ ಹಲ್ಲೇ ಇಲ್ಲ, ಅದು ಕುರಿಗೆ ಜೋಗುಳ ಹಾಡುತ್ತಿತ್ತು ಎಂದು ಹೇಳಿದ್ದರೆ? ಆ ಮಗು ನಾಳೆ ನಿಜವಾದ ತೋಳದ ಹತ್ತಿರ ಹೋಗಿ ಕೂರುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಾನೇ ತೋಳವಾದರೂ ಅದಕ್ಕೆ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೂ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. ಆದರೆ ಹೋದ ವಾರ ನಿಮ್ಮ ಒಪ್ಪಿಗೆ ಪತ್ರ ಬಂತು. ತಂದವನು ಕೆಂಪರಾಜ್. ಅಪ್ಪಯ್ಯಣ್ಣನವರ ಮೊಮ್ಮಗ, ಈಗ ನಮ್ಮ ಸ್ಕೂಲು ಕಮಿಟಿಯ ಅಧ್ಯಕ್ಷ. ನನ್ನ ಮಗ ಓಡಿಸುವುದು ಅವನದೇ ಹಾಲಿನ ಗಾಡಿ. ‘ಆಟದಲ್ಲಿ ತೋರಿಸಿರುವ ಜೀವನ ಚಿತ್ರಣವು ನನ್ನ ಸ್ವಂತ ಅನುಭವಕ್ಕೆ ಅನುಗುಣವಾಗಿದೆ’ ಎಂದು ಅದರಲ್ಲಿದೆ. ಕೆಳಗೆ ನನ್ನ ಸಹಿಗೆ ಜಾಗ.

‘‘ಒಂದ್ ಸೈನ್ ಹಾಕ್ಬಿಡು ಮುತ್ತಮ್ಮ. ನಮ್ಮೂರ್ ಹೆಸ್ರು ಬೆಂಗ್ಳೂರ್‌ಗಂಟ ಹೋಗುತ್ತೆ’’ ಎಂದ. ನಗುತ್ತಲೇ ಹೇಳಿದ, ಗದರಲಿಲ್ಲ. ಅವನೂ ಕೆಟ್ಟವನಲ್ಲ. ಅವನ ಮಗಳೇ ರಂಜಿತ. ಅವಳೂ ಧನುಶ್ರೀಯೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ. ನಿಜ ಹೇಳಿದರೆ ಆ ಡಬ್ಬಿ ಎರಡಾದರೆ? ಸ್ಕೂಲಿನಲ್ಲಿ ಯಾವುದಾದರೂ ಮಗು ‘‘ನಿಮ್ಮಜ್ಜಿ ರಂಜಿತನ್ ಮುತ್ತಜ್ಜನ ಆಳಂತೆ’’ ಎಂದುಬಿಟ್ಟರೆ? ಮಗನ ಗಾಡಿಯ ಕೀ ಇನ್ನೊಬ್ಬನ ಕೈಗೆ ಹೋದರೆ?

ಪೆನ್ನು ತೆಗೆದುಕೊಂಡೆ. ‘ಮು’ ಬರೆದೆ. ಪೆನ್ನು ಕೆಳಗಿಟ್ಟೆ. ‘‘ಕನ್ನಡಕ ಇಲ್ಲ, ನಾಳೆ ಬಾಪ್ಪ’’ ಎಂದು ಸುಳ್ಳು ಹೇಳಿ ಕಳಿಸಿದೆ. ಕನ್ನಡಕ ತಲೆಯ ಮೇಲೇ ಇತ್ತು. ಅವನೂ ನೋಡಿದ.

ಸಹಿ ಹಾಕುವುದಿಲ್ಲ. ನನಗೆ ಬೇಕಾದದ್ದು ಇಷ್ಟು. ಆ ಹಸಿರು ಪಟ್ಟಿಯನ್ನು ಕಿತ್ತುಹಾಕಿ. ಚಿನ್ನಿಯನ್ನು ಅವಳು ಉಂಡ ಜಾಗದಲ್ಲೇ ಕೂರಿಸಿ. ಮಗುವಿನ ಕೈಗೆ ಒಡೆಯನ ಮನೆಯನ್ನು ಕೊಟ್ಟಿರಲ್ಲ, ಒಂದು ಸಲ ಚಿನ್ನಿಯನ್ನೂ ಕೊಡಿ. ಓಡಲಿ. ಅವಳಪ್ಪ ವಾಪಸು ತಂದು ಬಿಡಲಿ. ಆಗ ಏನನ್ನಿಸಿತು ಎಂದು ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳಲಿ. ಇದಾಗದಿದ್ದರೆ ನನ್ನ ಬೆರಳನ್ನೂ ನನ್ನ ಕರುವನ್ನೂ ನನಗೆ ವಾಪಸು ಕೊಡಿ. ಸುಳ್ಳು ಕಥೆಗೆ ಸುಳ್ಳು ಬೆರಳೇ ಸಾಕು.

ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಕಣ್ಣಿಗೆ ಪೊರೆ ಬಂದಾಗಿನಿಂದ ಸಣ್ಣ ಅಚ್ಚು ನನಗೆ ಕಾಣುವುದಿಲ್ಲ. ದಿನಾ ಬೆಳಿಗ್ಗೆ ಪೇಪರು ಓದಿ ಹೇಳುವವಳು ಧನುಶ್ರೀಯೇ. ಈ ವಾರ ಎಷ್ಟೋ ಸಲ ಅವಳನ್ನು ಹತ್ತಿರ ಕೂರಿಸಿಕೊಂಡೆ, ಬಾಯಿ ಬರಲಿಲ್ಲ. ಅಚ್ಚಾದ ದಿನ ನನ್ನ ಪಕ್ಕದಲ್ಲಿ ಕೂತು ಇದನ್ನೂ ಜೋರಾಗಿ ಓದಲು ಶುರು ಮಾಡುತ್ತಾಳೆ. ಎಲ್ಲಿ ನಿಲ್ಲಿಸುತ್ತಾಳೋ, ತಲೆಬರಹದಲ್ಲೇ ನಿಲ್ಲಿಸಿ ನನ್ನ ಮುಖ ನೋಡುತ್ತಾಳೋ.

ನಿಲ್ಲಿಸಬೇಡ ಕಣವ್ವ ಧನು. ಇಲ್ಲೇ ಇದ್ದೀನಿ. ಓದು.

ಇಂತಿ,
ಹೆದರಿಕೊಂಡೇ ಬರೆದು ಮುಗಿಸಿದ,
ಮುತ್ತಮ್ಮ
ಸೂಲಿಬೆಲೆ ಹೋಬಳಿ, ಹೊಸಕೋಟೆ ತಾಲ್ಲೂಕು