ವಿಸರ್ಗವಲ್ಲದ ಎರಡು ಚುಕ್ಕೆ

೧೪ ಜುಲೈ ೨೦೧೧, ಗುರುವಾರ, ಉಪ್ಪಲ್

ಮೊಬೈಲಿಗೆ ಭಾಷೆಗಳನ್ನು ತುಂಬುವ ನಮ್ಮ ಪ್ರಾಜೆಕ್ಟ್ ಈ ತಿಂಗಳು ಮುಗಿಯುತ್ತದೆ, ಜೊತೆಗೆ ನನ್ನ ಕೆಲಸವೂ. ಅವ್ವನಿಗೆ ಇನ್ನೂ ಹೇಳಿಲ್ಲ.

ಆದರೆ ತಲೆಯ ತುಂಬ ಇರುವುದು ಬೇರೆಯೇ. ಬರ್ಮೀಸ್ ಅಕ್ಷರಗಳು ನಮ್ಮವುಗಳ ಹಾಗೇ ದುಂಡಗೆ. ಒಂದು ಪದದ ಕೊನೆಗೆ ಎರಡು ಚುಕ್ಕೆ ಕಂಡು, ವಿಸರ್ಗವೇ ಇರಬೇಕೆಂದು ‘ಲಾಹ’ ಅಂತ ಓದಿಬಿಟ್ಟೆ. ನಮ್ಮ ತಂಡದಲ್ಲಿರುವ ಬರ್ಮಾದ ಥಿರಿ ಬಿದ್ದು ಬಿದ್ದು ನಕ್ಕಳು. ಅದು ದನಿ ಎತ್ತುವ ಗುರುತಂತೆ. ದನಿ ತಗ್ಗಿಸಿ ‘ಲಾ’ ಎಂದರೆ ‘ಬಾ’. ದನಿ ಎತ್ತಿದ ‘ಲಾ’ ವಾಕ್ಯದ ಕೊನೆಗೆ ಬಂದರೆ ಆ ವಾಕ್ಯವೇ ಪ್ರಶ್ನೆಯಾಗುತ್ತದೆ, ನಮ್ಮ ‘ಬಂದೆಯಾ’ದ ‘ಆ’ ಇದ್ದ ಹಾಗೆ.

ಪಕ್ಕದಲ್ಲಿದ್ದ ನೈಜೀರಿಯಾದ ದೆಲೆ ಸುಮ್ಮನಿರಲಿಲ್ಲ. ಅವನ ಯೊರುಬಾ ಭಾಷೆಯಲ್ಲಿ ‘ಒಕೊ’ ಎಂದರೆ ಗಂಡ; ಕೊನೆಗೆ ದನಿ ಏರಿದರೆ ಅದೇ ಗಂಡ ಗುದ್ದಲಿಯಾಗುತ್ತಾನೆ, ಇಳಿದರೆ ಗಾಡಿಯಾಗುತ್ತಾನೆ!

ಎಲ್ಲಿಯ ಬರ್ಮಾ, ಎಲ್ಲಿಯ ನೈಜೀರಿಯಾ! ಒಂದರ ಮುಖ ಇನ್ನೊಂದು ನೋಡಿದ್ದಿಲ್ಲ. ಎರಡೂ ಕಡೆ ತಾಯಂದಿರು ಕೂಸಿಗೆ ಮಾತನ್ನು ಹಾಡಿನಂತೆಯೇ ಕಲಿಸಿದ್ದಾರೆ. ನಮಗೆ ಆ ಕಿವಿಯೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಈಗಷ್ಟೇ ಅವ್ವ ಫೋನ್ ಮಾಡಿ, “ಕೆಲಸ ಛಲೋ ನಡದೈತಿಲ್ಲವಾ?” ಅಂದಳು.

“ಹೂಂ” ಅಂದೆ.

“ಇದು ನಿನ್ನ ದಿನದ ಹೂಂ ಅಲ್ಲ ಬಿಡು. ಏನಾತು, ಖರೆ ಹೇಳು.”