ಗೋಡೆಗೆ ಮೊಳೆ ಹೊಡೆದಾಗಿದೆ, ಪ್ರಮಾಣಪತ್ರ ಕಳಿಸಿ

ವಿದ್ಯಾರ್ಥಿ ಸೇವಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಾವು ಕಳಿಸಿದ ಪ್ರಮಾಣಪತ್ರ ತಲುಪಿತು. ಅದನ್ನು ವಾಪಸು ಮಾಡುತ್ತಿದ್ದೇನೆ. ವಿದೇಶದಲ್ಲಿ ಹನ್ನೆರಡು ದಿನ, ಅರವತ್ತು ಗಂಟೆ, ಮಕ್ಕಳಿಗೂ ಕುಟುಂಬಕ್ಕೂ ನಾನು ‘ನಿಸ್ವಾರ್ಥ ಸೇವೆ’ ಸಲ್ಲಿಸಿದೆನೆಂದು ಅದರಲ್ಲಿ ಬಂಗಾರದ ಬಣ್ಣದಲ್ಲಿ ಅಚ್ಚಾಗಿದೆ. ಅದೇ ಹನ್ನೆರಡು ದಿನ, ಅದೇ ಮನೆಯಲ್ಲಿ, ನಿಜವಾಗಿ ಸೇವೆ ಮಾಡಿದ ಅಜ್ಜಿಯೊಬ್ಬರ ಅರ್ಜಿಯನ್ನು ಮಾತ್ರ ತಾವು ನಿಯಮಬಾಹಿರ ಎಂದು ತಳ್ಳಿಹಾಕಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ: ‘ಸೇವೆ ಪಡೆಯಬೇಕಾದವರೇ ತಾವು ಸೇವೆ ಸಲ್ಲಿಸಿದ್ದಾಗಿ ಹೇಳಿಕೊಂಡಿದ್ದಾರೆ.’ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಈ ಸಾಲನ್ನು ಓದಿದ ನಾನು ಎಷ್ಟು ನಕ್ಕೆನೆಂದರೆ, ಮೇಲಿನ ಮಹಡಿಯ ಹುಡುಗಿಯರು ಗಾಬರಿಯಾಗಿ ಇಳಿದು ಬಂದು ನೀರು ಕುಡಿಸಿದರು. ನಗು ನಿಂತ ಮೇಲೆ ಸಿಟ್ಟು ಬಂತು. ಈಗ ಎರಡೂ ಇವೆ, ಸಹಿಸಿಕೊಳ್ಳಿ.

ತಪ್ಪು ಯಾರದೆಂದು ಮೊದಲೇ ಹೇಳಿಬಿಡುತ್ತೇನೆ: ತಮ್ಮದು. ಹೊರಡುವ ಮುಂಚೆ ಸಭಾಂಗಣದಲ್ಲಿ ನಮ್ಮನ್ನು ಕೂರಿಸಿಕೊಂಡು, ಅಲ್ಲಿನ ಕುಟುಂಬಗಳಿಗೆ ನೆರವು ಬೇಕಾಗಿದೆ ಎಂದಿರಿ. ಅದೇ ವಾರ ತಮ್ಮದೇ ಕಚೇರಿಯ ಇನ್ನೊಂದು ಮೇಜಿನಿಂದ ಆ ಊರಿನ ಮನೆಮನೆಗೆ ಪತ್ರ ಹೋಯಿತು: ‘ಮನೆಮಂದಿಯನ್ನು ಬಿಟ್ಟು ದೂರದಿಂದ ಬರುವ ವಿದ್ಯಾರ್ಥಿಗಳಿಗೆ ನೆರವು ಬೇಕಾಗಿದೆ, ಸ್ವಯಂಸೇವಕರು ಹೆಸರು ಕೊಡಿ.’ ಆ ಎರಡು ಮೇಜುಗಳ ನಡುವೆ ಎಷ್ಟು ದೂರ ಮಾನ್ಯರೇ? ನಾನು ನೋಡಿದ್ದೇನೆ, ಮಧ್ಯೆ ಇರುವುದು ಒಂದು ನೀರಿನ ಕ್ಯಾನು. ಕ್ಯಾನಿನ ಈಚೆಯ ಮೇಜು ನನ್ನನ್ನು ಸ್ವಯಂಸೇವಕಿ ಮಾಡಿತು, ಆಚೆಯದು ಅಜ್ಜಿಯನ್ನು. ಒಬ್ಬರನ್ನೊಬ್ಬರು ಉದ್ಧಾರ ಮಾಡಲು ಟೊಂಕ ಕಟ್ಟಿ ನಿಂತ ಇಬ್ಬರನ್ನು ತಾವು ಒಂದೇ ಸೂರಿನಡಿ ಬಿಟ್ಟು ನಿಶ್ಚಿಂತರಾದಿರಿ.

ಆ ಮನೆ ಒಂದು ಲಾಂಡ್ರಿಯ ಮೇಲೆ, ಎರಡೇ ಕೋಣೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡಂತೆ ಅಜ್ಜಿಯ ಹೊಲಿಗೆ ಯಂತ್ರ. ಬೀದಿಯವರ ಕೆಟ್ಟ ಜಿಪ್ಪು, ಹರಿದ ಜೇಬು, ಉದುರಿದ ಗುಂಡಿ ಎಲ್ಲವೂ ನಲವತ್ತು ವರ್ಷಗಳಿಂದ ಅವರ ಕೈಯಲ್ಲೇ ಸರಿಯಾಗುತ್ತಿವೆ. ಮಗ ಹಡಗಿನಲ್ಲಿ ಅಡುಗೆಯವ, ಆಗ ಸಮುದ್ರದಲ್ಲಿದ್ದ. ಸೊಸೆಗೆ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ, ಹಾಗಾಗಿ ಅಜ್ಜಿಯ ಭಾಷೆಯ ಜೊತೆ ಇಂಗ್ಲಿಷೂ ಬರುತ್ತಿತ್ತು. ಆಕೆ ಮನೆಯಲ್ಲಿಲ್ಲದಾಗ ನಾನೂ ಅಜ್ಜಿಯೂ ಕೈಸನ್ನೆಯಲ್ಲೇ ಸಂಸಾರ ಮಾಡಿದೆವು.

ಬಾಗಿಲು ತೆರೆದ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಲೊಚಗುಟ್ಟಿದರು. ನಾನು ಅದನ್ನು ಕೃತಜ್ಞತೆ ಅಂದುಕೊಂಡೆ. ಒಳಗೆ ಹೋದವಳೇ ತಾವು ಕೊಟ್ಟ ‘ಕೈ ತೊಳೆಯುವ ಸರಿಯಾದ ಕ್ರಮ’ ಎಂಬ ಚಿತ್ರಪಟವನ್ನು ಬಿಡಿಸಿ, ಎರಡೂ ಕೈ ಉಜ್ಜಿ ತೋರಿಸಿದೆ. ಅಜ್ಜಿ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ, ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು, ತೋಳು ಮಡಚಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಒರೆಸಿದರು. ಬಳಿಕ ನನ್ನ ಅಂಗಿಯಲ್ಲಿ ನೇತಾಡುತ್ತಿದ್ದ ಗುಂಡಿಯನ್ನು ಕಂಡು ಮತ್ತೆ ಲೊಚಗುಟ್ಟಿದರು. ಆ ದಿನದ ವರದಿಯಲ್ಲಿ ನಾನು ‘ಸ್ವಚ್ಛತೆಯ ಪ್ರಾತ್ಯಕ್ಷಿಕೆ ಯಶಸ್ವಿ’ ಎಂದು ಬರೆದೆ. ಸುಳ್ಳೇನಲ್ಲ.

ಆಮೇಲೆ ಶುರುವಾಯಿತು ಪೈಪೋಟಿ. ನಾನು ಕಸ ಗುಡಿಸಿದರೆ ಅವರು ಪೊರಕೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ತಟ್ಟೆ ಎತ್ತಿದರೆ ಇನ್ನೂ ಬೇಕೆಂದು ತಿಳಿದು ಬಡಿಸಿದರು. ಪಾತ್ರೆಯನ್ನಾದರೂ ಕದ್ದು ತೊಳೆಯೋಣವೆಂದು ಬೆಳಗ್ಗೆ ಐದಕ್ಕೆ ಎದ್ದರೆ, ಅವರು ಆಗಲೇ ಅಡುಗೆಮನೆಯಲ್ಲಿ ಕೂತು ಪಕ್ಕದ ಸ್ಟೂಲು ತೋರಿಸುತ್ತಿದ್ದರು. ಏಳು ವರ್ಷದ ಮೊಮ್ಮಗಳ ಕಥೆ ಬೇರೆ. ನಾನು ಅವಳಿಗೆ ಪಾಠ ಹೇಳಲು ಹೋದವಳು. ಬರುವ ಅಕ್ಕನಿಗೆ ಓದು ಬರುವುದಿಲ್ಲ, ನಗಬೇಡ, ಸಮಾಧಾನವಾಗಿ ಕಲಿಸು ಎಂದು ಅವಳಿಗೆ ಮನೆಯಲ್ಲಿ ಹೇಳಿಟ್ಟಿದ್ದರು. ಇಬ್ಬರೂ ಎದುರುಬದುರು ಕೂತು, ಇಬ್ಬರೂ ಕಲಿಸಿದೆವು. ಅವಳ ಗಂಟಲು ದೊಡ್ಡದು, ಅವಳು ಗೆದ್ದಳು. ಹೆಡ್ ಮಿಸ್ ಎಂದು ನಾನೇ ಅವಳಿಗೆ ಹೆಸರಿಟ್ಟೆ. ನಾಲ್ಕನೆಯ ದಿನ ಅಕ್ಷರ ಬರೆಸಿ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಳು. ‘ಮಗುವಿನ ಕಲಿಕೆಯಲ್ಲಿ ಗಮನಾರ್ಹ ಪ್ರಗತಿ’ ಎಂದು ನಾನು ವರದಿ ಕಳಿಸಿದೆ. ಯಾವ ಮಗು ಎಂದು ತಮ್ಮ ಕಚೇರಿ ಕೇಳಲೇ ಇಲ್ಲ!

ಹನ್ನೊಂದನೆಯ ದಿನ ಸಂಜೆ ನಾನು ಸೇವಾ ನಮೂನೆಯನ್ನು ಚೀಲದಿಂದ ತೆಗೆದೆ. ಅಜ್ಜಿ ಹೊಲಿಗೆ ಯಂತ್ರದ ಡ್ರಾಯರಿನಿಂದ ಅದೇ ಬಣ್ಣದ, ಅದೇ ಮುದ್ರೆಯ ಇನ್ನೊಂದನ್ನು ತೆಗೆದರು. ಸೊಸೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಬಾಗಿಲಿಗೊರಗಿ ನಗತೊಡಗಿದರು. ನಗುತ್ತಲೇ ಅಜ್ಜಿಯ ನಮೂನೆ ಓದಿ ಹೇಳಿದರು. ಸೇವೆ ಪಡೆದವರು: ಹುಡುಗಿ, ಒಬ್ಬಳು. ಸ್ಥಿತಿ: ತೆಳ್ಳಗಿದ್ದಾಳೆ. ಗುಂಡಿ ಹೊಲಿಯಲು ಬರುವುದಿಲ್ಲ. ಮನೆಯ ನೆನಪಿಗೆ ನಸುಕಿನಲ್ಲೇ ಎಚ್ಚರವಾಗುತ್ತದೆ, ಒಬ್ಬಳೇ ಇರಬಾರದೆಂದು ನಾನೂ ಏಳುತ್ತೇನೆ.

ನಾನು ಪಾತ್ರೆ ಕದ್ದು ತೊಳೆಯಲು ಎದ್ದದ್ದು, ಮಾನ್ಯರೇ! ಅವರು ಹನ್ನೊಂದು ದಿನ ನಿದ್ದೆಗೆಟ್ಟು ನನ್ನ ಮನೆಯ ನೆನಪಿಗೆ ಕಾವಲು ಕೂತಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಸೊಸೆ ನನ್ನ ನಮೂನೆಯನ್ನು ಓದಿದರು. ಸೇವೆ ಪಡೆದವರು: ಒಂದು ಕುಟುಂಬ. ಸ್ಥಿತಿ: ಸ್ವಚ್ಛತೆಯ ಅರಿವಿನ ಕೊರತೆ, ಮಕ್ಕಳ ಓದಿನಲ್ಲಿ ನಿರಾಸಕ್ತಿ. ಕೆಳಗೆ ದಿನಾಂಕ. ಅದು ವಿಮಾನ ಹತ್ತುವುದಕ್ಕೆ ಮೂರು ದಿನ ಮುಂಚಿನದು, ಸಭಾಂಗಣದಲ್ಲಿ ತಮ್ಮ ಸಿಬ್ಬಂದಿ ಹೇಳಿ ಬರೆಸಿದ್ದು. ನಾನು ಬರೆದೂ ಇದ್ದೆ, ಮರೆತೂ ಇದ್ದೆ. ನಗು ನಿಂತಿತು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಅಜ್ಜಿ ದಿನಾಂಕದ ಮೇಲೆ ಬೆರಳಿಟ್ಟರು. ಸೊಸೆ ತರ್ಜುಮೆ ಮಾಡಿದರು: “ನಾನಾದ್ರೂ ನಿನ್ನ ನೋಡಿ ಬರೆದೆ ಮಗಳೇ. ನೀನು ಬರೋಕೆ ಮುಂಚೆನೇ ಬರೆದುಬಿಟ್ಟಿದ್ದೀಯಲ್ಲ.”

ನಾನು ತಪ್ಪಾಯ್ತು ಅಂದೆ. ಅದನ್ನು ಅವರ ಭಾಷೆಯಲ್ಲೇ ಅಂದೆ, ಹೆಡ್ ಮಿಸ್ ಕಲಿಸಿದ್ದು. ಅವಳು ಕೂಡಲೇ ನನ್ನ ಉಚ್ಚಾರಣೆ ತಿದ್ದಿದಳು. ಅಜ್ಜಿಗೆ ಮತ್ತೆ ನಗು ಬಂತು. ನಮೂನೆಯನ್ನು ಮಡಚಿ ನನ್ನ ಕೈಗಿಟ್ಟು, ಸೂಜಿಗೆ ದಾರ ಪೋಣಿಸಿ ಅದನ್ನೂ ಕೈಗಿಟ್ಟು, ಗುಂಡಿ ಹೊಲಿಯುವುದನ್ನು ಕಲಿಸಿದರು.

ಈಗ ಹೇಳಿ ಮಾನ್ಯರೇ, ಇದರಲ್ಲಿ ನಿಯಮಬಾಹಿರವಾದದ್ದು ಯಾವುದು? ನೋಡಿ ಬರೆದದ್ದೋ, ನೋಡದೆ ಬರೆದದ್ದೋ? ನನ್ನ ನಮೂನೆಯ ಆ ಸಾಲುಗಳನ್ನು ಹೊಡೆದುಹಾಕಿ, ನಡೆದದ್ದನ್ನೆಲ್ಲ ಅಂಚಿನಲ್ಲಿ ಬರೆದು ನಾನು ಒಪ್ಪಿಸಿದೆ. ಅಂಚನ್ನು ಓದುವಷ್ಟು ಪುರುಸೊತ್ತು ತಮಗೆಲ್ಲಿ? ಅರವತ್ತಕ್ಕೆ ಅರವತ್ತು ಗಂಟೆ ಮಂಜೂರು ಮಾಡಿ, ‘ಅತ್ಯುತ್ತಮ’ ಎಂದು ಷರಾ ಬರೆದಿರಿ. ನೀರಿನ ಕ್ಯಾನಿನ ಆಚೆಯ ಮೇಜು ಕರೆದಿದ್ದಕ್ಕೇ ಹೆಸರು ಕೊಟ್ಟ ಅಜ್ಜಿಗೆ ಮಾತ್ರ ಈಚೆಯ ಮೇಜು ‘ನೀವು ಸೇವೆ ಪಡೆಯಬೇಕಾದವರು, ಕೊಡಬಾರದು’ ಎಂದಿತು. ಕೊಡುವುದಕ್ಕೂ ತಮ್ಮ ಅಪ್ಪಣೆ ಬೇಕೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ತಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಅಜ್ಜಿ ಮೂರನೇ ತರಗತಿಗೇ ಶಾಲೆ ಬಿಟ್ಟವರು. ಅವರ ಹೆಸರಿರುವ ಪ್ರಮಾಣಪತ್ರ ಆ ಮನೆಯಲ್ಲಿ ಒಂದೂ ಇಲ್ಲ. ನಾನು ಹೊರಡುವ ದಿನ ಅವರು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದು, ಅದು ಬಂದರೆ ಇಲ್ಲಿ ಎಂದು ತೋರಿಸಿದ್ದರು. ತಮ್ಮ ತಿರಸ್ಕಾರದ ಪತ್ರವನ್ನು ಸೊಸೆ ಅವರಿಗೆ ಓದಿ ಹೇಳಿಲ್ಲ, ಬಚ್ಚಿಟ್ಟು ನನಗೆ ಕಳಿಸಿದ್ದಾರೆ. ಅದರ ಜೊತೆ ಹೆಡ್ ಮಿಸ್ ಬರೆದ ಎರಡು ಸಾಲೂ ಇವೆ. ಹತ್ತಕ್ಕೆ ನಾಲ್ಕು ಅಂಕದವಳಾದರೂ ಯಾರ ನೆರವೂ ಇಲ್ಲದೆ ಓದಿಕೊಂಡೆ: ‘ಮೊಳೆ ಖಾಲಿ ಇದೆ. ಕ್ಯಾಲೆಂಡರ್ ಹಾಕಲೂ ಅಜ್ಜಿ ಬಿಡುವುದಿಲ್ಲ.’

ಆದ್ದರಿಂದ ನನ್ನ ಬೇಡಿಕೆ ಒಂದೇ. ಲಗತ್ತಿಸಿರುವ ಪ್ರಮಾಣಪತ್ರದಲ್ಲಿ ನನ್ನ ಹೆಸರು ತೆಗೆದು ಅಜ್ಜಿಯ ಹೆಸರು ಅಚ್ಚು ಹಾಕಿಸಿ, ಈ ತಿಂಗಳೊಳಗೆ ಕಳಿಸಿ. ಬಂಗಾರದ ಬಣ್ಣ ಹಾಗೇ ಇರಲಿ. ‘ನಿಸ್ವಾರ್ಥ’ ಎಂಬ ಪದವೂ ಇರಲಿ, ಈಗ ಅದು ಸರಿಹೊಂದುತ್ತದೆ. ಅರವತ್ತು ಗಂಟೆಗಳಿಲ್ಲದೆ ನನಗೆ ಪದವಿ ಸಿಗುವುದಿಲ್ಲವೆಂದು ತಮ್ಮ ಗುಮಾಸ್ತರು ಆಗಲೇ ಎಚ್ಚರಿಸಿದ್ದಾರೆ. ಹಾಗಾದರೆ ಶಿಕ್ಷೆಯಾಗಿ ನನ್ನನ್ನು ಇನ್ನೊಮ್ಮೆ ಅದೇ ಮನೆಗೆ ಕಳಿಸಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಸಲ ನಮೂನೆಯನ್ನು ಅಲ್ಲಿಂದ ಬಂದ ಮೇಲೆ ತುಂಬುತ್ತೇನೆ.

ಇಂತಿ,
ಈಗಲೂ ತೆಳ್ಳಗಿರುವ, ಆದರೆ ಗುಂಡಿ ಹೊಲಿಯಬಲ್ಲ,
ಸೇವೆ ಪಡೆದವಳು